ಅಂತರಜಾಲದ ಸರ್ಕಾರಿ ದಾಖಲೆಗಳೂ ನಮ್ಮ ಅಡಿಟಿಪ್ಪಣಿಗಳೂ

ಮೂಲವಿಲ್ಲದ ಯಾವುದನ್ನೂ ತಾನು ಬರೆಯುವುದಿಲ್ಲವೆಂದು ವ್ಯಾಖ್ಯಾನಕಾರ ಮಲ್ಲಿನಾಥನು ಮಾಡಿದ ಪ್ರತಿಜ್ಞೆಯನ್ನು ನಮ್ಮಲ್ಲಿ ಅರಿಯದವರು ವಿರಳ. ಕನ್ನಡದ ಸಂಶೋಧನ ಪರಂಪರೆಯೂ ಆ ಪ್ರತಿಜ್ಞೆಯನ್ನು ಶಿರಸಾವಹಿಸಿ ನಡೆದುಬಂದುದೇ ಆಗಿದೆ. ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ಯ ಮೊದಲಾದ ವಿದ್ವಾಂಸರು ಶಾಸನವೊಂದನ್ನು ಆಧರಿಸಿ ಮಾತನಾಡುವಾಗ ಅದರ ತಾಲ್ಲೂಕನ್ನೂ ಸಂಖ್ಯೆಯನ್ನೂ ವಾಚಕನ ಮುಂದಿಡುತ್ತಿದ್ದರು. ಅವರ ನಿರ್ಣಯವನ್ನು ಒಪ್ಪದವನು ಅದೇ ಶಾಸನವನ್ನು ತೆಗೆದು ಓದಿ ಎದುರು ವಾದಿಸಬಹುದಾಗಿತ್ತು. ಆಧಾರವನ್ನು ಹೇಳುವುದೆಂದರೆ ಇದೇ; ನಮ್ಮ ಮಾತನ್ನು ಅಲ್ಲಗಳೆಯಬಂದವನಿಗೂ ದಾರಿಯನ್ನು ತೋರಿಸುವುದು.

ಈ ಅಳತೆಗೋಲನ್ನು ಹಿಡಿದು ಇಂದಿನ ಗಡಿನಾಡಿನ ಸ್ಮರಣ ಸಂಚಿಕೆಗಳನ್ನು ನೋಡಿದರೆ ಸಂತೋಷವೂ ಚಿಂತೆಯೂ ಒಟ್ಟಿಗೆ ಉಂಟಾಗುತ್ತವೆ. ಸಂತೋಷಕ್ಕೆ ಕಾರಣವುಂಟು. ಹಿಂದೆ ಜನಗಣತಿಯ ಒಂದು ಕೋಷ್ಟಕವನ್ನು ನೋಡಬೇಕಾದರೆ ಸೂಲೂರಿನಂಥ ಊರಿನ ಉಪಾಧ್ಯಾಯನು ದೂರದ ಪಟ್ಟಣದ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಕಾಯಬೇಕಾಗಿತ್ತು. ಈಗ ಅದೇ ಕೋಷ್ಟಕ ಅಂಗೈಯೊಳಗಿನ ಯಂತ್ರದಲ್ಲಿ ದೊರೆಯುತ್ತದೆ. ಜನಗಣತಿಯ ಸಂಪುಟಗಳು, ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವಾರ್ಷಿಕ ವರದಿಗಳು, ಸರ್ಕಾರಿ ಆದೇಶಗಳು ಎಲ್ಲವೂ ಅಂತರಜಾಲದಲ್ಲಿವೆ. ಇದರ ಫಲವಾಗಿ ನಮ್ಮ ಲೇಖಕರು ಕೇಳಿದ ಮಾತನ್ನು ಬಿಟ್ಟು ಕಂಡ ದಾಖಲೆಯ ಕಡೆಗೆ ತಿರುಗಿದ್ದಾರೆ. ಚಿಂತೆಗೆ ಕಾರಣ ಬೇರೆ. ದಾಖಲೆ ಸುಲಭವಾಗಿ ದೊರೆತಷ್ಟೂ ಅದನ್ನು ಹೆಸರಿಸುವ ಶ್ರದ್ಧೆ ಸಡಿಲವಾಗಿದೆ. ‘ಸರ್ಕಾರಿ ಅಂಕಿ ಅಂಶಗಳ ಪ್ರಕಾರ’ ಎಂದು ಒಬ್ಬರು ಬರೆಯುತ್ತಾರೆ. ‘ಜಾಲತಾಣದಲ್ಲಿ ನೋಡಿದಂತೆ’ ಎಂದು ಇನ್ನೊಬ್ಬರು. ಮತ್ತೊಬ್ಬರು ಲೇಖನದ ಕೊನೆಗೆ ಇಲಾಖೆಯ ತಾಣದ ವಿಳಾಸವೊಂದನ್ನು ಅಚ್ಚು ಹಾಕಿಸಿ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಗ್ರಂಥಾಲಯದ ಬಾಗಿಲನ್ನು ತೋರಿಸಿ, ಪುಸ್ತಕ ಒಳಗಿದೆ ಎಂದಂತೆ ಇದು.

ಇದನ್ನು ಅಲ್ಪದೋಷವೆಂದು ತಳ್ಳಿಹಾಕುವಂತಿಲ್ಲ. ಗಡಿಯ ಕನ್ನಡಿಗರ ಮಟ್ಟಿಗೆ ಸರ್ಕಾರಿ ದಾಖಲೆಯು ಬದುಕಿಗೆ ತಾಗುವ ಸಾಕ್ಷ್ಯ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಬೇಕಾದರೆ ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿರಬೇಕೆಂಬ ನಿಯಮ 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದದ್ದು. 1956ರ ಸುರಕ್ಷಣೆಗಳ ಜ್ಞಾಪನಪತ್ರವೂ ಅದನ್ನು ಎತ್ತಿಹಿಡಿಯಿತು. ಮುಖ್ಯ ಸರ್ಕಾರಿ ಪ್ರಕಟಣೆಗಳು ಅಲ್ಪಸಂಖ್ಯಾತರ ಭಾಷೆಯಲ್ಲಿಯೂ ಹೊರಡಬೇಕೆಂಬ ವ್ಯವಸ್ಥೆಗೆ ಆ ಪ್ರದೇಶದ ಜನರಲ್ಲಿ ನೂರಕ್ಕೆ ಸುಮಾರು 15 ಮಂದಿ ಆ ಭಾಷೆಯವರಿರಬೇಕೆಂಬ ಲೆಕ್ಕವುಂಟು. ಹೀಗೆ ನಮ್ಮ ಹಕ್ಕುಗಳೆಲ್ಲ ಅಂಕಿಗಳ ಮೇಲೆ ನಿಂತಿರುವಾಗ, ಆ ಅಂಕಿ ಯಾವ ಪುಟದ್ದೆಂದು ಹೇಳಲಾರದವನ ಅಹವಾಲನ್ನು ಯಾವ ಅಧಿಕಾರಿಯೂ ಮನ್ನಿಸಬೇಕಾಗಿಲ್ಲ. ಕೇಳಿಕೆ ನ್ಯಾಯವಾದದ್ದೇ ಇರಬಹುದು. ಆಧಾರ ಕುಂಟಿದರೆ ಕೇಳಿಕೆಯೂ ಕುಂಟುತ್ತದೆ.

ಸರಿಯಾಗಿ ಹೆಸರಿಸದ ದಾಖಲೆ ಲೇಖಕನನ್ನೇ ಹೇಗೆ ದಾರಿ ತಪ್ಪಿಸಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕೊಯಮತ್ತೂರು ಜಿಲ್ಲೆಯೇ ಉತ್ತಮ ನಿದರ್ಶನ. 1951ರ ಜನಗಣತಿಯಲ್ಲಿ ಈ ಜಿಲ್ಲೆಯ ಕನ್ನಡಿಗರ ಸಂಖ್ಯೆ ಇಷ್ಟು, 2011ರಲ್ಲಿ ಇಷ್ಟು, ಆದಕಾರಣ ಅರುವತ್ತು ವರ್ಷಗಳಲ್ಲಿ ಕನ್ನಡ ಇಷ್ಟು ಕುಗ್ಗಿತು ಎಂದು ಒಬ್ಬರು ಬರೆದರೆನ್ನೋಣ. ಎರಡು ಸಂಖ್ಯೆಗಳೂ ಸರ್ಕಾರದವೇ, ಎರಡೂ ಅಂತರಜಾಲದಲ್ಲಿ ದೊರೆಯುವಂಥವೇ. ಆದರೂ ತೀರ್ಮಾನ ನಿಲ್ಲುವುದಿಲ್ಲ. ಏಕೆಂದರೆ 1951ರ ಕೊಯಮತ್ತೂರು ಜಿಲ್ಲೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಸೇರಿತ್ತು. ರಾಜ್ಯ ಪುನರ್ವಿಂಗಡಣಾ ಅಧಿನಿಯಮದ ಮೇರೆಗೆ 1956ರ ನವೆಂಬರ್ 1ರಂದು ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ಒಂದು ಇಡೀ ಕನ್ನಡ ತಾಲ್ಲೂಕು ಲೆಕ್ಕದಿಂದ ಹೊರಟುಹೋದದ್ದನ್ನು ಭಾಷೆಯ ಕ್ಷಯವೆಂದು ಬಗೆಯುವುದು ಹೇಗೆ?

ಅಷ್ಟಕ್ಕೇ ಮುಗಿಯಲಿಲ್ಲ. 1979ರಲ್ಲಿ ಈರೋಡು, ಭವಾನಿ, ಗೋಬಿಚೆಟ್ಟಿಪಾಳ್ಯ, ಸತ್ಯಮಂಗಲ, ಧಾರಾಪುರ ಮೊದಲಾದ ತಾಲ್ಲೂಕುಗಳನ್ನು ಬೇರ್ಪಡಿಸಿ ಪೆರಿಯಾರ್ ಜಿಲ್ಲೆಯನ್ನು ರಚಿಸಿದರು. ಅದೇ ಮುಂದೆ ಈರೋಡು ಜಿಲ್ಲೆಯೆನಿಸಿತು. ಕನ್ನಡ ಗಟ್ಟಿಯಾಗಿ ಉಳಿದಿರುವ ತಾಳವಾಡಿಯ ಸೀಮೆ ಹೀಗೆ ಕೊಯಮತ್ತೂರಿನ ಲೆಕ್ಕವನ್ನು ಬಿಟ್ಟಿತು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಕೂಡಿಸಿ ತಿರುಪ್ಪೂರು ಜಿಲ್ಲೆಯನ್ನು ಮಾಡಿದಾಗ ಪಲ್ಲಡಂ, ಅವಿನಾಶಿ, ಉಡುಮಲಪೇಟೆಗಳೂ ಹೊರಟವು. ಮೊದಲು ಪಲ್ಲಡಂ ತಾಲ್ಲೂಕಿನಲ್ಲಿದ್ದ ಸೂಲೂರು ಮಾತ್ರ ಕೊಯಮತ್ತೂರಿನಲ್ಲಿಯೇ ಉಳಿದು 2011ರ ಜನಗಣತಿಯಲ್ಲಿ ತಾನೇ ಒಂದು ತಾಲ್ಲೂಕಾಗಿ ಕಾಣಿಸಿಕೊಂಡಿತು. ‘ಕೊಯಮತ್ತೂರು ಜಿಲ್ಲೆ’ ಎಂಬ ಒಂದೇ ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಭೂಭಾಗಗಳಿವೆ. ಯಾವ ವರ್ಷದ ಜನಗಣತಿ, ಯಾವ ಕೋಷ್ಟಕ, ಅಂದಿನ ಗಡಿ ಯಾವುದು ಎಂಬುದನ್ನು ಅಡಿಟಿಪ್ಪಣಿಯಲ್ಲಿ ಬರೆಯಹೊರಟ ಲೇಖಕನಿಗೆ ಈ ವ್ಯತ್ಯಾಸ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬರೆಯದವನಿಗೆ ಬೀಳುವುದಿಲ್ಲ. ಉಲ್ಲೇಖವು ಲೇಖಕನನ್ನೂ ಎಚ್ಚರಿಸುವ ಸಾಧನವೆಂದು ನಾವು ಹೇಳುವುದು ಈ ಕಾರಣದಿಂದಲೇ.

ಉಳಿದ ಗಡಿಭಾಗಗಳ ಕಥೆಯೂ ಬೇರೆಯಲ್ಲ. ಕಾಸರಗೋಡು 1951ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, 1961ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯಲ್ಲಿ, 1984ರಿಂದೀಚೆಗೆ ತನ್ನದೇ ಹೆಸರಿನ ಜಿಲ್ಲೆಯಲ್ಲಿ ಎಣಿಕೆಗೆ ಬರುತ್ತದೆ. ಹೊಸೂರು ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಹೆಸರನ್ನು ನಂಬಿ ಸಂಖ್ಯೆಗಳನ್ನು ಕೂಡಿಸಿ ಕಳೆಯುವವರು ಇದನ್ನು ಮರೆಯಬಾರದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. 2011ರ ಜನಗಣತಿಯ ಭಾಷಾ ಕೋಷ್ಟಕಗಳು 2018ರಲ್ಲಿ ಹೊರಬಂದವು. ತಾಯ್ನುಡಿಯ ಕೋಷ್ಟಕಕ್ಕೆ ಸಿ-16 ಎಂದು ಗುರುತು. ಅದರಲ್ಲಿ ‘ಭಾಷೆ’ ಎಂಬುದು ಬೇರೆ, ‘ತಾಯ್ನುಡಿ’ ಎಂಬುದು ಬೇರೆ. ಒಂದು ಭಾಷೆಯ ತಲೆಬರಹದ ಕೆಳಗೆ ಹಲವು ತಾಯ್ನುಡಿಗಳನ್ನು ಕೂಡಿಸಿರುತ್ತಾರೆ. ಇಡೀ ದೇಶಕ್ಕೆ ಕನ್ನಡ ಭಾಷೆಯವರು 4,37,06,512 ಎಂದು ಕೊಟ್ಟಿರುವ ಸಂಖ್ಯೆಯಲ್ಲಿ ಬಡಗ ನುಡಿಯ 1,33,550 ಮಂದಿಯೂ ಕುರುಬ ನುಡಿಯವರೂ ಸೇರಿದ್ದಾರೆ. ದೇಶದ ಮೊತ್ತದಲ್ಲಿ ಇದು ಸಣ್ಣ ಭಾಗ. ಆದರೆ ನೀಲಗಿರಿಯಂಥ ಜಿಲ್ಲೆಗೆ ಬಂದಾಗ ಯಾವ ಸಾಲನ್ನು ಓದಿದೆವು ಎಂಬುದರ ಮೇಲೆ ತೀರ್ಮಾನವೇ ತಲೆಕೆಳಗಾಗುತ್ತದೆ. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ವಿವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ಸರಿಯೆ, ‘ಜನಗಣತಿ 2011’ ಎಂದಷ್ಟೇ ಬರೆದು ಸಂಖ್ಯೆಯನ್ನು ಕೊಡುವುದು ಸಾಲದು. ಕೋಷ್ಟಕದ ಗುರುತೂ ಸಾಲಿನ ಹೆಸರೂ ಇರಬೇಕು. ಒಂದೇ ಪುಟದಿಂದ ಇಬ್ಬರು ಲೇಖಕರು ಎರಡು ಸಂಖ್ಯೆಗಳನ್ನು ಪ್ರಾಮಾಣಿಕವಾಗಿಯೇ ತೆಗೆದು, ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಬಗೆಯುವ ಪ್ರಸಂಗ ಇದರಿಂದ ತಪ್ಪುತ್ತದೆ.

ಅಂಕಿಗಳಿಂದ ಆದೇಶಗಳ ಕಡೆಗೆ ಬರೋಣ. ಉಪಾಧ್ಯಾಯರಿಗೆ ಸರ್ಕಾರಿ ಆದೇಶ, ಅಂದರೆ ಜಿ.ಓ., ಹೊಸದಲ್ಲ. ಆದರೂ ‘ಜಿ.ಓ. ಸಂಖ್ಯೆ 25ರ ಪ್ರಕಾರ’ ಎಂದು ಬರೆದ ಲೇಖನಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ತಮಿಳುನಾಡು ಸರ್ಕಾರದ ಪ್ರತಿಯೊಂದು ಇಲಾಖೆಯೂ ವರ್ಷವರ್ಷಕ್ಕೆ ತನ್ನ ಆದೇಶಗಳಿಗೆ ಒಂದರಿಂದ ಸಂಖ್ಯೆ ಹಾಕಿಕೊಂಡು ಹೋಗುತ್ತದೆ. ಅದರಲ್ಲಿಯೂ ಎಂ.ಎಸ್. ಎಂಬ ಸಾಲು ಬೇರೆ, ಆರ್.ಟಿ. ಎಂಬ ಸಾಲು ಬೇರೆ, ಡಿ. ಎಂಬ ಸಾಲು ಬೇರೆ. ಹೀಗಿರಲು 25ನೆಯ ಆದೇಶಗಳು ಎಷ್ಟಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಇಲಾಖೆ, ಸಾಲು, ಸಂಖ್ಯೆ, ದಿನಾಂಕ ಈ ನಾಲ್ಕೂ ಇದ್ದಲ್ಲಿ ಮಾತ್ರ ಆದೇಶವು ಗುರುತಿಗೆ ಸಿಗುತ್ತದೆ. ಒಂದು ಬಿಟ್ಟರೂ ಅದು ಹೆಸರಿಲ್ಲದ ಕಾಗದ.

ಆದೇಶವು ಜಾಲತಾಣದಲ್ಲಿ ಕಂಡಮಾತ್ರಕ್ಕೆ ಅದು ಜಾರಿಯಲ್ಲಿದೆಯೆಂದು ತಿಳಿಯುವುದೂ ತಪ್ಪು. ಇದಕ್ಕೂ ನಮ್ಮ ಜಿಲ್ಲೆಯ ಹೆಸರೇ ಸಾಕ್ಷಿ. 2020ರ ಜೂನ್ ತಿಂಗಳಲ್ಲಿ ತಮಿಳುನಾಡಿನ 1,018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳಿನ ಉಚ್ಚಾರಣೆಗೆ ಅನುಸಾರವಾಗಿ ತಿದ್ದಿದ ಆದೇಶವು ಹೊರಬಿದ್ದಿತು. ಅದರಂತೆ ಕೊಯಮತ್ತೂರಿನ ಹೆಸರನ್ನು ಇಂಗ್ಲಿಷಿನಲ್ಲಿಯೂ ‘ಕೊಯಂಪುತ್ತೂರ್’ ಎಂದು ಬರೆಯಬೇಕಾಗಿತ್ತು. ಕಾಗುಣಿತಗಳ ವಿಷಯದಲ್ಲಿ ಆಕ್ಷೇಪಣೆಗಳೆದ್ದು, ಅದೇ ತಿಂಗಳಲ್ಲಿಯೇ ಸರ್ಕಾರವು ಆದೇಶವನ್ನು ಹಿಂದೆಗೆದುಕೊಂಡಿತು. ಆದರೆ ಹಿಂದೆಗೆದುಕೊಂಡ ಆದೇಶದ ಪ್ರತಿಗಳು ಅಂತರಜಾಲದಿಂದ ಹಿಂದಕ್ಕೆ ಹೋಗುವುದಿಲ್ಲ. ಅವು ಕೈಯಿಂದ ಕೈಗೆ, ವಾಟ್ಸಾಪಿನಿಂದ ವಾಟ್ಸಾಪಿಗೆ ಸಾಗುತ್ತಲೇ ಇರುತ್ತವೆ. ದಿನಾಂಕವನ್ನೂ ಮುಂದೆ ನಡೆದುದನ್ನೂ ವಿಚಾರಿಸದ ಲೇಖಕನು ಅಂಥ ಪ್ರತಿಯನ್ನು ಹಿಡಿದು ಊರ ಹೆಸರುಗಳನ್ನು ಕುರಿತ ಪ್ರಬಂಧವನ್ನೇ ಬರೆದುಬಿಡಬಹುದು.

ಕಾನೂನಿನ ಪಾಠದಲ್ಲಿಯೂ ಇಂಥದೇ ಅಪಾಯವುಂಟು. ಅಂತರಜಾಲದಲ್ಲಿ ಸಾಮಾನ್ಯವಾಗಿ ದೊರೆಯುವುದು ತಿದ್ದುಪಡಿಗಳೆಲ್ಲ ಸೇರಿದ ಇಂದಿನ ಪಾಠ. ಸಂವಿಧಾನದ 350ಎ ವಿಧಿಯನ್ನು ಅಲ್ಲಿ ಓದಿ, ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಸಂವಿಧಾನವು 1950ರಲ್ಲಿಯೇ ಈ ವಿಧಿಯ ಮೂಲಕ ಕೊಟ್ಟಿತೆಂದು ಬರೆದರೆ ಅದು ಚರಿತ್ರೆಗೆ ವಿರುದ್ಧ. ಆ ವಿಧಿಯೂ, ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ವಿಧಿಯೂ 1956ರ ಏಳನೆಯ ತಿದ್ದುಪಡಿಯಿಂದ ಸೇರಿದವು. ರಾಜ್ಯಗಳ ಗಡಿ ಬದಲಾದ ಕಾಲದಲ್ಲಿಯೇ ಅವು ಹುಟ್ಟಿದವೆಂಬುದು ಗಡಿನಾಡಿನವರಿಗೆ ಮುಖ್ಯವಾದ ವಿಷಯ. ಪಾಠ ಯಾವ ಕಾಲದ್ದೆಂದು ನೋಡದವನಿಗೆ ಈ ಸಂಬಂಧವೇ ತಪ್ಪಿಹೋಗುತ್ತದೆ. ಕಾನೂನನ್ನು ಉಲ್ಲೇಖಿಸುವವರು ಅದು ಅಂಗೀಕಾರವಾದಂದಿನ ಪಾಠವೋ ತಿದ್ದುಪಡಿಯಾದ ಪಾಠವೋ ಎಂಬುದನ್ನು ಹೇಳತಕ್ಕದ್ದು. ಮೂಲಪಾಠಕ್ಕೆ ಗೆಜೆಟ್ಟೇ ಆಶ್ರಯ. 2015ರ ಅಕ್ಟೋಬರಿನಿಂದ ಭಾರತ ಸರ್ಕಾರದ ಗೆಜೆಟ್ ಕಾಗದದ ಮುದ್ರಣವನ್ನು ಬಿಟ್ಟು ವಿದ್ಯುನ್ಮಾನ ರೂಪದಲ್ಲಿಯೇ ಹೊರಡುತ್ತಿರುವುದರಿಂದ, ಅಂದಿನಿಂದೀಚಿನ ಅಧಿಸೂಚನೆಗಳಿಗೆ ಜಾಲದ ಪ್ರತಿಯೇ ಮೂಲ, ಅದರ ನಕಲಲ್ಲ. ಅಂತರಜಾಲದ ದಾಖಲೆಯನ್ನು ಎರಡನೆಯ ದರ್ಜೆಯದೆಂದು ಹಳಬರು ಇನ್ನು ಹೀಗಳೆಯುವಂತಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಹೊಸ ಶಾಸ್ತ್ರವೇನೂ ಬೇಕಿಲ್ಲ. ಶಾಸನಗಳ ವಿಷಯದಲ್ಲಿ ನಮ್ಮ ಹಿರಿಯರು ಕಲಿಸಿದ ಪಾಠವನ್ನೇ ಇಲ್ಲಿಗೂ ತಂದರೆ ಸಾಕು. ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ ಬೇಲೂರಿನ ಶಾಸನಗಳಿರುವುದು ಹಾಸನ ಜಿಲ್ಲೆಯ ಐದನೆಯ ಸಂಪುಟದಲ್ಲಿ; ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರಿನದು ಒಂಬತ್ತನೆಯ ಸಂಪುಟ. ಆದುದರಿಂದ ಬಲ್ಲವರು ಸಂಪುಟದ ಸಂಖ್ಯೆಯ ಜೊತೆಗೆ ತಾಲ್ಲೂಕನ್ನೂ ಶಾಸನದ ಸಂಖ್ಯೆಯನ್ನೂ ಆವೃತ್ತಿಯನ್ನೂ ಹೇಳುತ್ತಾರೆ. ಪುಸ್ತಕ ಯಾವ ಗ್ರಂಥಾಲಯದ ಯಾವ ಕಪಾಟಿನಲ್ಲಿ ಸಿಕ್ಕಿತೆಂದು ಯಾರೂ ಹೇಳುವುದಿಲ್ಲ. ಅಂತರಜಾಲದ ವಿಳಾಸವೆಂಬುದು ಆ ಕಪಾಟಿನ ಗುರುತು ಮಾತ್ರ. ದಾಖಲೆಗೆ ತನ್ನದೇ ಆದ ಹೆಸರುಂಟು, ಕರ್ತೃವುಂಟು, ಸಂಖ್ಯೆಯುಂಟು, ತಾರೀಖುಂಟು. ಅವನ್ನು ಮೊದಲು ಹೇಳಿ, ಕಪಾಟಿನ ಗುರುತನ್ನು ಕೊನೆಗೆ ಹೇಳಬೇಕು.

ಕಪಾಟು ಸ್ಥಳ ಬದಲಿಸುತ್ತದೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಭಾರತದ ಜನಗಣತಿಯ ಜಾಲತಾಣ ಹೊಸ ರೂಪಕ್ಕೆ ಬಂದಾಗ ಹಳೆಯ ಕೊಂಡಿಗಳು ಅನೇಕವು ನಿಂತುಹೋದವು. ಅಂಥ ಕೊಂಡಿಯೊಂದನ್ನೇ ಆಧಾರವಾಗಿ ಅಚ್ಚಾದ ಲೇಖನಕ್ಕೆ ಇಂದು ಆಧಾರವೇ ಇಲ್ಲ. ಕೋಷ್ಟಕದ ಗುರುತನ್ನು ಬರೆದಿದ್ದವರ ಲೇಖನವಾದರೋ ಇಂದಿಗೂ ನಿಂತಿದೆ, ಏಕೆಂದರೆ ಆ ಕೋಷ್ಟಕವನ್ನು ಹೊಸ ತಾಣದಲ್ಲಿಯೂ ಹುಡುಕಿ ತೆಗೆಯಬಹುದು. ಮುದ್ರಣದ ತೊಂದರೆಯೂ ಉಂಟು. ಎರಡು ಸಾಲುದ್ದದ ವಿಳಾಸವನ್ನು ಮೊಳೆ ಜೋಡಿಸುವವರು ಸಾಲಿನ ಕೊನೆಯಲ್ಲಿ ಗೆರೆ ಹಾಕಿ ಮುರಿದರೆ ಆ ಗೆರೆಯೂ ವಿಳಾಸದ ಭಾಗವಾಗಿ ಓದಿಸಿಕೊಂಡು ದಾರಿ ತಪ್ಪಿಸುತ್ತದೆ. ಕನ್ನಡದ ಅಕ್ಷರಗಳಲ್ಲಿ ಅದನ್ನು ಬರೆದರಂತೂ ಯಂತ್ರವು ಗುರುತಿಸುವುದೇ ಇಲ್ಲ.

ಇನ್ನು ಪುಟಸಂಖ್ಯೆಯ ವಿಷಯ. ಎಫ್. ಎ. ನಿಕಲ್ಸನ್ನನು 1887ರಲ್ಲಿ ಪ್ರಕಟಿಸಿದ ಕೊಯಮತ್ತೂರು ಜಿಲ್ಲಾ ಕೈಪಿಡಿ ನಮ್ಮ ಸೀಮೆಯ ಚರಿತ್ರೆಗೆ ಬಿಡಲಾಗದ ಗ್ರಂಥ. ಅಂಥ ಹಳೆಯ ಪುಸ್ತಕಗಳ ಛಾಯಾಪ್ರತಿಯನ್ನು ತೆರೆದಾಗ ಯಂತ್ರವು ತೋರಿಸುವ ಪುಟಸಂಖ್ಯೆಗೂ ಪುಟದ ಮೇಲೆ ಅಚ್ಚಾಗಿರುವ ಸಂಖ್ಯೆಗೂ ಹೊಂದಿಕೆಯಿರುವುದಿಲ್ಲ. ರಟ್ಟು, ಮುನ್ನುಡಿ, ನಕಾಶೆಗಳೆಲ್ಲ ಯಂತ್ರದ ಎಣಿಕೆಗೆ ಸೇರಿರುತ್ತವೆ. ಅಚ್ಚಾದ ಸಂಖ್ಯೆಯನ್ನೇ ಕೊಡತಕ್ಕದ್ದು. ಯಂತ್ರವು ತಾನೇ ಓದಿ ಕೊಡುವ ಅಕ್ಷರಗಳನ್ನು ನಕಲು ಮಾಡುವುದೂ ಅಪಾಯ. ಮಾಸಿದ ಅಚ್ಚಿನಲ್ಲಿ 3 ಎಂಬುದು 8 ಆಗಬಹುದು, 1 ಎಂಬುದು 7 ಆಗಬಹುದು. ಅಂಕಿಯನ್ನು ಪುಟದ ಚಿತ್ರದಲ್ಲಿ ಕಣ್ಣಾರೆ ನೋಡಿಯೇ ಬರೆಯಬೇಕು. ಇದು ಲೆಕ್ಕದ ಮಾಸ್ತರರು ಮಕ್ಕಳಿಗೆ ದಿನವೂ ಹೇಳುವ ಬುದ್ಧಿವಾದವೇ.

ಭಾಷೆಯ ತೊಡಕು ನಮಗೆ ವಿಶೇಷವಾದದ್ದು. ಕೊಯಮತ್ತೂರು ತಿರುಪ್ಪೂರು ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಮಾತು ಕನ್ನಡ, ಓದುಬರಹ ತಮಿಳು, ದಾಖಲೆಗಳು ತಮಿಳು ಅಥವಾ ಇಂಗ್ಲಿಷ್. ನಮ್ಮ ಲೇಖಕರು ತಮಿಳಿನ ಆದೇಶವನ್ನು ಕನ್ನಡಕ್ಕೆ ತಿರುಗಿಸಿ, ತಾವೇ ಇಟ್ಟ ಕನ್ನಡ ಶೀರ್ಷಿಕೆಯಿಂದ ಅದನ್ನು ಕರೆಯುವ ವಾಡಿಕೆಯಿದೆ. ಆ ಶೀರ್ಷಿಕೆಯನ್ನು ಹಿಡಿದು ಹುಡುಕಿದವನಿಗೆ ಏನೂ ಸಿಗುವುದಿಲ್ಲ. ಮೂಲದ ಶೀರ್ಷಿಕೆಯನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟು, ಅರ್ಥವನ್ನು ಅದರ ಮುಂದೆ ಬರೆದು, ಮೂಲವು ತಮಿಳಿನದೆಂದು ತಿಳಿಸಿದರೆ ಇಬ್ಬರಿಗೂ ಅನುಕೂಲ. ಅನುವಾದ ತಮ್ಮದಾದರೆ ತಮ್ಮದೆಂದು ಹೇಳುವುದು ಧರ್ಮ.

ಇಷ್ಟನ್ನೂ ಕೂಡಿಸಿ ನೋಡಿದರೆ ಅಡಿಟಿಪ್ಪಣಿಯ ರೂಪವು ಸರಳವಾಗಿಯೇ ಇದೆ. ‘ಭಾರತದ ಮಹಾರಿಜಿಸ್ಟ್ರಾರರ ಮತ್ತು ಜನಗಣತಿ ಆಯುಕ್ತರ ಕಚೇರಿ, ಭಾರತದ ಜನಗಣತಿ 2011, ಕೋಷ್ಟಕ ಸಿ-16, ತಾಯ್ನುಡಿಯಂತೆ ಜನಸಂಖ್ಯೆ, ತಮಿಳುನಾಡು, ಕೊಯಮತ್ತೂರು ಜಿಲ್ಲೆ, ತಾಯ್ನುಡಿ ಕನ್ನಡ ಎಂಬ ಸಾಲು; ಪ್ರಕಟಣೆ 2018; ಜನಗಣತಿಯ ಜಾಲತಾಣದಲ್ಲಿ ಇಂಥ ದಿನ ನೋಡಿದ್ದು’ ಎಂದು ಬರೆದರೆ ಯಾವ ಪರೀಕ್ಷಕನೂ ಆಕ್ಷೇಪಿಸಲಾರನು. ವಿಶ್ವವಿದ್ಯಾನಿಲಯಗಳಲ್ಲಿ ಎ.ಪಿ.ಎ., ಎಂ.ಎಲ್.ಎ., ಶಿಕಾಗೊ ಎಂಬ ಪದ್ಧತಿಗಳು ಬಳಕೆಯಲ್ಲಿವೆ. ಅವುಗಳಲ್ಲಿ ಅಲ್ಪವಿರಾಮ ಎಲ್ಲಿ, ವರ್ಷ ಎಲ್ಲಿ ಎಂಬ ಭೇದಗಳಿವೆ. ಕರ್ತೃ, ಹೆಸರು, ಸಂಖ್ಯೆ, ಕಾಲ, ದೊರೆತ ಸ್ಥಳ ಇವಿಷ್ಟೂ ಇದ್ದರೆ ಯಾವ ಪದ್ಧತಿಗಾದರೂ ಹೊಂದಿಸಿಕೊಳ್ಳಬಹುದು. ಸರ್ಕಾರಿ ದಾಖಲೆಗೆ ಕರ್ತೃವೇ ಇಲ್ಲವೆಂದು ಕೆಲವರು ಬಗೆಯುತ್ತಾರೆ. ಅದನ್ನು ಹೊರಡಿಸಿದ ಇಲಾಖೆಯೇ ಅದರ ಕರ್ತೃ.

ನೋಡಿದ ದಾಖಲೆಯ ಪ್ರತಿಯೊಂದನ್ನು ಲೇಖಕರು ತಮ್ಮಲ್ಲಿ ಇರಿಸಿಕೊಳ್ಳುವುದು ಅವಶ್ಯ. ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು ಜಾಲದ ಪುಟಗಳನ್ನು ತಾರೀಖಿನೊಡನೆ ಕಾದಿರಿಸುತ್ತದೆ. ಬೇಕಾದ ಪುಟವನ್ನು ಅಲ್ಲಿ ನಾವೇ ಸೇರಿಸಲೂಬಹುದು. ನಮ್ಮ ಉಪಾಧ್ಯಾಯ ಸಂಘಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಚಿಕೆಯಲ್ಲಿ ಅಚ್ಚಾದ ಪ್ರತಿಯೊಂದು ಲೇಖನದ ಆಧಾರಪತ್ರಗಳನ್ನು ಸಂಘದ ಕಪಾಟಿನಲ್ಲಿ ಒಂದು ಕಟ್ಟಾಗಿ ಇರಿಸಿದರೆ, ಹತ್ತು ವರ್ಷಗಳಲ್ಲಿ ಅದೇ ಗಡಿನಾಡಿನ ಒಂದು ದಾಖಲೆ ಭಂಡಾರವಾದೀತು.

ಅಡಿಟಿಪ್ಪಣಿಗಳ ಭಾರದಿಂದ ಬರಹದ ರಸ ಕೆಡುತ್ತದೆಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ಊರಿನ ಜಾತ್ರೆಯನ್ನು ಕುರಿತ ಲಲಿತ ಪ್ರಬಂಧಕ್ಕೆ ಆ ಮಾತು ಒಪ್ಪುತ್ತದೆ. ‘ಸಂಶೋಧನೆ’ ಎಂಬ ತಲೆಬರಹದ ಕೆಳಗೆ ನಿಲ್ಲುವ ಬರಹಕ್ಕೆ ಒಪ್ಪುವುದಿಲ್ಲ. ಇನ್ನು ಕೆಲವರು, ಸಂಖ್ಯೆಗಳು ಸರಿಯಿದ್ದ ಮೇಲೆ ಉಲ್ಲೇಖವೇಕೆ ಎನ್ನುತ್ತಾರೆ. ಸರಿಯಿದೆಯೆಂದು ತಿಳಿಯುವ ಬಗೆ ಯಾವುದು? ಹುಡುಗನು ಉತ್ತರವನ್ನು ಸರಿಯಾಗಿ ಬರೆದು ಲೆಕ್ಕ ಮಾಡಿದ ಕ್ರಮವನ್ನು ತೋರಿಸದಿದ್ದರೆ ನಾವು ಪೂರ್ಣಾಂಕ ಕೊಡುತ್ತೇವೆಯೇ?

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಗಿ, ಅದನ್ನು 2027ರಲ್ಲಿ ನಡೆಸುವುದೆಂದು 2025ರಲ್ಲಿ ಸರ್ಕಾರವು ಪ್ರಕಟಿಸಿತು. ಅದರ ಭಾಷಾ ಕೋಷ್ಟಕಗಳು ಹೊರಬಂದ ದಿನ ಪತ್ರಿಕೆಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಗಡಿಯ ಕನ್ನಡಿಗರು ಎಷ್ಟು ಬೆಳೆದರು, ಎಷ್ಟು ಕುಗ್ಗಿದರು ಎಂಬ ಲೇಖನಗಳ ಸುಗ್ಗಿಯಾಗುವುದು ಖಂಡಿತ. ಆ ಲೇಖನಗಳನ್ನು ಇಟ್ಟುಕೊಂಡು ಒಂದು ಕನ್ನಡ ಶಾಲೆಯ ಉಳಿವಿಗಾಗಿ ಯಾರಾದರೂ ಅಧಿಕಾರಿಗಳ ಮುಂದೆ ನಿಲ್ಲಬೇಕಾಗಿ ಬಂದೀತು. ಹಾಗೆ ನಿಂತವರಿಗೆ ‘ಇದು ಯಾವ ಕೋಷ್ಟಕ, ಯಾವ ಸಾಲು, ಯಾವ ಗಡಿ?’ ಎಂಬ ಪ್ರಶ್ನೆ ಎದುರಾದಾಗ ಉತ್ತರವು ನಮ್ಮ ಸಂಚಿಕೆಯ ಪುಟದ ಕೆಳಗೆ, ಚಿಕ್ಕ ಅಕ್ಷರಗಳಲ್ಲಿ, ಮೊದಲೇ ಅಚ್ಚಾಗಿರಬೇಕು.